ಹಕ್ಕಿ ಮುಟ್ಟದ ಎಡೆ

ಸತ್ತವರು ಬಂದು ಮಾತಾಡಿದರು ಎನ್ನುವ ಕತೆಗಳನ್ನು ಕೇಳಿದಾಗಲೆಲ್ಲ ಮೊದಲು ನಗುತ್ತಿದ್ದವನು ನಾನೇ. ಬರೀ ನಕ್ಕು ಬಿಡುತ್ತಿರಲಿಲ್ಲ, ಹೇಳಿದವರಿಗೆ ಅಡ್ಡಪ್ರಶ್ನೆ ಹಾಕಿ ಸುಸ್ತು ಮಾಡುತ್ತಿದ್ದೆ. ಎಷ್ಟು ಹೊತ್ತಿನಲ್ಲಿ ಕಂಡಿತು, ಎಷ್ಟು ದೂರದಲ್ಲಿತ್ತು, ಜೊತೆಯಲ್ಲಿ ಇನ್ನು ಯಾರಿದ್ದರು ಎಂದು ಕೇಳುತ್ತಾ ಹೋದರೆ ಎಂಥ ದೆವ್ವವೂ ನಾಲ್ಕನೇ ಪ್ರಶ್ನೆಗೆ ಕಾಲು ಕೀಳುತ್ತದೆ. ನನ್ನ ಉದ್ಯೋಗವೂ ಅಂಥದ್ದೇ. ಸ್ವೀಡನ್ನಿನ ಟೋರ್ಸ್‌ಲಾಂಡದ ಕಾರು ಕಾರ್ಖಾನೆಯಲ್ಲಿ ಬ್ರೇಕಿನ ಸದ್ದು ಪರೀಕ್ಷಿಸುವ ಎಂಜಿನಿಯರ್ ನಾನು. ಯಾರಿಗೋ ಕೇಳಿಸಿತು ಎನ್ನುವ ಸದ್ದು ನಮ್ಮ ಮೈಕಿನಲ್ಲಿ ದಾಖಲಾಗದಿದ್ದರೆ ಆ ಸದ್ದು ಇಲ್ಲ ಎಂದು ಬರೆದು ಸಹಿ ಹಾಕುತ್ತೇನೆ.

ಈಗ ನಾನೇ ಅಂಥ ಕತೆಯೊಂದನ್ನು ಹೇಳಲು ಕೂತಿದ್ದೇನೆ. ನಗುವವರು ನಗಲಿ. ಒಂದು ಮಾತು ಮಾತ್ರ ಮೊದಲೇ ಹೇಳಿಬಿಡುತ್ತೇನೆ, ಇದು ನಡುರಾತ್ರಿಯಲ್ಲಿ ನಡೆದದ್ದಲ್ಲ. ಮಟಮಟ ಮಧ್ಯಾಹ್ನ, ಒಳ್ಳೆಯ ಬಿಸಿಲಿನಲ್ಲಿ, ಹೆಂಡತಿ ಮಕ್ಕಳು ಪಕ್ಕದಲ್ಲೇ ನಿಂತಿದ್ದಾಗ ನಡೆದದ್ದು.

ಅದನ್ನು ಹೇಳಬೇಕಾದರೆ ಅದರ ಹಿಂದಿನ ವರ್ಷದ್ದನ್ನು ಹೇಳಲೇಬೇಕು. ಹೇಳಲು ನಾಚಿಕೆಯಾಗುತ್ತದೆ. ನಮ್ಮ ಮದುವೆಗೆ ಆಗ ಇಪ್ಪತ್ತೈದು ವರ್ಷ ತುಂಬಿತ್ತು. ಜುಲೈನಲ್ಲಿ ಕಾರ್ಖಾನೆಗೆ ನಾಲ್ಕು ವಾರ ರಜೆ. ಮಕ್ಕಳು ದೊಡ್ಡವರಾದ ಮೇಲೆ ಅವರ ಜೊತೆ ಒಂದು ವಾರ ಕಳೆಯಬೇಕೆಂದರೆ ನಾವು ಅರ್ಜಿ ಹಾಕಿಕೊಳ್ಳಬೇಕು. ಮಗಳು ಮೇಘನಾ ಹೆಲ್ಸಿಂಗ್‌ಬೋರ್ಯ್‌ನಲ್ಲಿ ಕೆಲಸದಲ್ಲಿದ್ದಳು, ಮಗ ನಿಖಿಲ ಉಪ್ಸಾಲಾದಲ್ಲಿ ಓದುತ್ತಿದ್ದ. ಅಪ್ಪ ಅಮ್ಮನ ಜೊತೆ ಬರಲು ಇಬ್ಬರೂ ಒಪ್ಪಿದ್ದೇ ನಾನು ಕೆರಿಬಿಯನ್ ಸಮುದ್ರದ ದ್ವೀಪ ಎಂದದ್ದಕ್ಕೆ. ಮೈಸೂರಿನಲ್ಲಿ ತಮ್ಮ ಶಿವು ಮನೆಯಲ್ಲಿದ್ದ ಅಮ್ಮನಿಗೆ ಆ ವಾರ ಸಣ್ಣ ಜ್ವರ ಇತ್ತು. "ಏನಿಲ್ಲ ಅಣ್ಣ, ನೀವು ಹೋಗ್ಬನ್ನಿ" ಎಂದಿದ್ದ ಶಿವು. ಹೋದೆವು.

ಊಟದ ಮೇಜಿನ ಮೇಲೆ ಎಲ್ಲರೂ ಫೋನನ್ನು ಬೋರಲು ಇಡಬೇಕು, ಯಾರೂ ಮುಟ್ಟಬಾರದು ಎಂದು ಅಲ್ಲಿ ಕಾನೂನು ಮಾಡಿದವನು ನಾನೇ. ನಾಲ್ಕನೆಯ ದಿನ ಸಂಜೆ ಎಂಟರ ಹೊತ್ತಿಗೆ ನನ್ನ ಫೋನು ಗುರ್ರೆಂದಿತು. ತುದಿ ಎತ್ತಿ ನೋಡಿದೆ. ಶಿವು, ವಿಡಿಯೋ ಕಾಲ್. ಮನೆಯ ಮೇಲೆ ಇನ್ನೊಂದು ಅಂತಸ್ತು ಎತ್ತುವ ವಿಷಯವಾಗಿ ಅವನು ತಿಂಗಳಿಂದ ನನ್ನ ತಲೆ ಕೊರೆಯುತ್ತಿದ್ದ. ನಿಖಿಲ ಯಾವುದೋ ತಮಾಷೆ ಹೇಳುತ್ತಿದ್ದ, ನಾವು ನಾಲ್ವರೂ ಒಟ್ಟಿಗೆ ನಕ್ಕು ಎಷ್ಟೋ ಕಾಲವಾಗಿತ್ತು. ಫೋನನ್ನು ಮತ್ತೆ ಬೋರಲು ಹಾಕಿದೆ. ಇನ್ನೂ ಎರಡು ಸಲ ಬಂತು, ಎತ್ತಲಿಲ್ಲ. ಮೈಸೂರಿನಲ್ಲಿ ಆಗ ಬೆಳಗಿನ ಐದೂವರೆ, ಮಹಡಿ ಕಟ್ಟುವ ಮಾತಿಗೆ ಆ ಹೊತ್ತಿನಲ್ಲಿ ಯಾರೂ ಫೋನ್ ಮಾಡುವುದಿಲ್ಲ ಎಂಬ ಲೆಕ್ಕ ನನ್ನ ತಲೆಯಲ್ಲಿ ಬರಲಿಲ್ಲವೇ ಎಂದರೆ, ಬಂದಿತ್ತು. ಬಂದದ್ದನ್ನು ಪಕ್ಕಕ್ಕೆ ತಳ್ಳಿ ಸೀಗಡಿ ಬಡಿಸಿಕೊಂಡೆ.

ಬೆಳಿಗ್ಗೆ ನೋಡಿದರೆ ಅಮ್ಮ ಹೋದಳು ಎಂಬ ಸಂದೇಶ ಬಂದಿತ್ತು. ಹೆಂಡತಿ ಸುಧಾ ಅಳುತ್ತಲೇ ಕೇಳಿದಳು, "ರಾತ್ರಿ ಫೋನೇ ಬರ್ಲಿಲ್ವಾ ನಿಮ್ಗೆ?"

"ಈ ದ್ವೀಪದಲ್ಲಿ ನೆಟ್‌ವರ್ಕ್ ಎಲ್ಲಿದೆ?" ಎಂದೆ. ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಆ ಮೂರು ಕರೆಗಳನ್ನು ಫೋನಿನಿಂದ ಅಳಿಸಿದೆ. ಶಿವುಗೂ ಅದನ್ನೇ ಹೇಳಿದೆ. ಅವನು "ಸರಿ ಅಣ್ಣ" ಎಂದ, ಅಷ್ಟೇ. ಮೂರು ವಿಮಾನ ಬದಲಿಸಿ ಮೈಸೂರು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹಿರಿಯ ಮಗ ನಾನು, ಕೊಳ್ಳಿ ಇಟ್ಟವನು ಕಿರಿಯವನು. ಬಂದ ನೆಂಟರೆಲ್ಲ ನನ್ನನ್ನು ದುರುಗುಟ್ಟಿ ನೋಡುವಾಗ ಸುಧಾ ಒಬ್ಬೊಬ್ಬರಿಗೂ "ಪಾಪ, ಅವರೇನ್ ಮಾಡ್ತಾರೆ, ಅಲ್ಲಿ ನೆಟ್‌ವರ್ಕೇ ಇರ್ಲಿಲ್ಲ" ಎಂದು ಹೇಳಿ ನನ್ನ ಮಾನ ಕಾಪಾಡಿದಳು.

ಒಂದು ವರ್ಷ ಕಳೆಯಿತು. ವರ್ಷದ ತಿಥಿಗೆ ಮೈಸೂರಿಗೆ ಹೋಗಬೇಕಾಗಿತ್ತು. ಟಿಕೆಟ್ ಸಿಗಲಿಲ್ಲ ಎಂದೆ, ಅದೂ ಸುಳ್ಳೇ. ಶಿವು ಮುಖ ನೋಡುವ ಧೈರ್ಯ ನನಗಿರಲಿಲ್ಲ. ಅವನು ಎಂದಿನಂತೆ ಸಮಾಧಾನವಾಗಿಯೇ, "ಕಾರ್ಯ ನಾನ್ ಮಾಡ್ತೀನಿ. ನೀನು ಅಲ್ಲೇ ಎಡೆ ಇಟ್ಟು ಕಾಗೆಗೆ ಒಂದು ಹಿಡಿ ಅನ್ನ ಹಾಕಣ್ಣ" ಎಂದ. ಆ ದಿನ ನಮ್ಮ ರಜೆಯ ನಡುವೆಯೇ ಬಿದ್ದಿತ್ತು. ಈ ಸಲ ದೂರ ಹೋಗುವ ಮನಸ್ಸು ಯಾರಿಗೂ ಇರಲಿಲ್ಲ. ಕಾರುಗಳನ್ನೂ ಸಾಗಿಸುವ ಹಳದಿ ಫೆರ್ರಿ ಹತ್ತಿದರೆ ಹತ್ತು ಹದಿನೈದು ನಿಮಿಷಕ್ಕೆ ಸಿಗುವ ಒಂದು ದ್ವೀಪದಲ್ಲಿ ವಾರಕ್ಕೆ ಮರದ ಮನೆ ಹಿಡಿದಿದ್ದೆವು. ಸುತ್ತ ಬೂದು ಬಂಡೆ, ಸಮುದ್ರ, ದೋಣಿಗಳು. ಮಕ್ಕಳೂ ಬಂದಿದ್ದರು.

ಅಂದು ಸುಧಾ ಬೆಳಿಗ್ಗೆ ಐದಕ್ಕೇ ಎದ್ದಳು. ಅಮ್ಮನಿಗೆ ಇಷ್ಟವಾಗಿದ್ದ ಕಾಯೊಬ್ಬಟ್ಟು, ಹುಳಿ, ಕೋಸಂಬರಿ, ಹಪ್ಪಳ ಎಲ್ಲವನ್ನೂ ಆ ಮನೆಯ ಎರಡು ಒಲೆಯ ಅಡುಗೆಮನೆಯಲ್ಲೇ ಮಾಡಿದಳು. ಬಾಳೆಲೆ ಗೋಥೆನ್‌ಬರ್ಗಿನ ಥಾಯ್ ಅಂಗಡಿಯದು, ಫ್ರೀಜರಿನಲ್ಲಿದ್ದು ಕರಗಿ ಅಂಚು ಕಪ್ಪಾಗಿತ್ತು. ಅಮ್ಮನ ಫೋಟೋ ಮುಂದೆ ಎಡೆ ಇಟ್ಟು ಧೂಪ ಹಾಕಿದೆವು. ಹೊಗೆಗೆ ಅಲಾರಾಂ ಕೂಗಿಕೊಂಡಿತು, ನಿಖಿಲ ಕುರ್ಚಿ ಹತ್ತಿ ಅದರ ಬ್ಯಾಟರಿ ಕಿತ್ತ. ಆಮೇಲೆ ಇನ್ನೊಂದು ಎಲೆಯಲ್ಲಿ ಎಲ್ಲದರಲ್ಲೂ ಒಂದೊಂದು ತುತ್ತು ಹಾಕಿಕೊಂಡು ಮನೆಯ ಹಿಂದಿನ ಬಂಡೆಯ ಮೇಲೆ ಇಟ್ಟು ಹಿಂದಕ್ಕೆ ಸರಿದು ನಿಂತೆವು.

ಗೊತ್ತಿಲ್ಲದವರಿಗೆ ಹೇಳುತ್ತೇನೆ, ನಮ್ಮಲ್ಲಿ ಕಾಗೆ ಬಂದು ಮುಟ್ಟಿದರೆ ಹೋದವರು ಉಂಡರು ಎಂದು ಅರ್ಥ. ಅದು ಮುಟ್ಟುವ ತನಕ ಮನೆಯವರು ಯಾರೂ ಉಣ್ಣುವ ಹಾಗಿಲ್ಲ. ಮುಟ್ಟದಿದ್ದರೆ ಅವರ ಮನಸ್ಸಿನಲ್ಲಿ ಏನೋ ಉಳಿದಿದೆ ಎಂದು ತಿಳಿದು, ಒಬ್ಬೊಬ್ಬರಾಗಿ ಮುಂದೆ ಹೋಗಿ, ಇದನ್ನು ಮಾಡುತ್ತೇನೆ, ಅದನ್ನು ನಡೆಸಿಕೊಡುತ್ತೇನೆ ಎಂದು ಬಾಯಿಬಿಟ್ಟು ಮಾತು ಕೊಡಬೇಕು. ನನಗೆ ಇದರಲ್ಲಿ ಕವಡೆ ಕಾಸಿನ ನಂಬಿಕೆ ಇರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಈ ದ್ವೀಪದಲ್ಲಿ ಅನುಮಾನಕ್ಕೇ ಜಾಗವಿರಲಿಲ್ಲ. ಇಲ್ಲಿನ ಕಡಲಹಕ್ಕಿಗಳು ಹಿಂದಿನ ದಿನವಷ್ಟೇ ಒಬ್ಬ ಹೆಂಗಸಿನ ಕೈಯಿಂದ ಇಡೀ ಬ್ರೆಡ್ಡನ್ನೇ ಕಿತ್ತುಕೊಂಡು ಹೋಗಿದ್ದವು. ಕಾಗೆಗಳೂ ಇದ್ದವು, ಬೂದು ಸ್ವೆಟರ್ ಹಾಕಿಕೊಂಡಂತೆ ಕಾಣುವ ಈ ದೇಶದ ಕಾಗೆಗಳು. ಅರ್ಧ ನಿಮಿಷದಲ್ಲಿ ಎಲೆ ಖಾಲಿಯಾಗುತ್ತದೆ, ಊಟ ಮಾಡೋಣ ಎಂದುಕೊಂಡಿದ್ದೆ.

ಹಕ್ಕಿಗಳು ಬಂದವು. ಇಪ್ಪತ್ತೋ ಮೂವತ್ತೋ ಇದ್ದವು. ಎಲೆಯ ಸುತ್ತ ಬಂಡೆಗಳ ಮೇಲೆ ಇಳಿದು ಸುಮ್ಮನೆ ಕೂತವು. ಒಂದೂ ಕೂಗಲಿಲ್ಲ, ಒಂದೂ ಮುಂದೆ ಬರಲಿಲ್ಲ. ಕಾಲು ಗಂಟೆಯಾಯಿತು. ಪಕ್ಕದ ಮನೆಯ ಮುದುಕ, ಹಕ್ಕಿಗಳಿಗೆ ತಿಂಡಿ ಹಾಕಬೇಡಿ ಎಂದು ಗದರಲು ಬಂದವನು, ಬೇಲಿಯ ಹತ್ತಿರವೇ ನಿಂತುಬಿಟ್ಟ. ಚಿಕ್ಕಂದಿನಿಂದ ಇಲ್ಲೇ ಇದ್ದೇನೆ, ಇವು ಹೀಗೆ ಕೂತದ್ದನ್ನು ನೋಡಿಲ್ಲ ಎಂದು ಸ್ವೀಡಿಷಿನಲ್ಲಿ ಹೇಳಿ ಮನೆಯೊಳಗೆ ಹೋದ.

ಸುಧಾ ಮುಖ ಬಾಡಿತು. ಅವಳೇ ಮೊದಲು ಮುಂದೆ ಹೋಗಿ ಕೈಮುಗಿದಳು. "ಅತ್ತೆ, ನಿಮ್ಮ ಕಾಸಿನ ಸರ ಮೇಘನಾಗೇ ಹಾಕ್ತೀನಿ. ಮುರಿಸಲ್ಲ." ಹಕ್ಕಿಗಳು ಅಲುಗಾಡಲಿಲ್ಲ. ನಿಖಿಲ ಮುಜುಗರಪಡುತ್ತಾ ಸ್ವೀಡಿಷಿನಲ್ಲೇ, ಅಜ್ಜಿ, ಚಿಕ್ಕಪ್ಪನಿಗೆ ಪ್ರತಿ ಭಾನುವಾರ ಫೋನ್ ಮಾಡುತ್ತೇನೆ ಎಂದ. ಆಗಲೂ ಏನೂ ಇಲ್ಲ. ನಾನು ಹೋಗಿ, "ಮುಂದಿನ ವರ್ಷ ಬಂದು ತಮ್ಮನ ಜೊತೆ ಕೂತು ಮಾಡ್ತೀನಮ್ಮ" ಎಂದೆ. ಏನು ಹೇಳಬೇಕಾಗಿತ್ತು ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

ಸುಧಾ ನನ್ನ ಕಡೆ ತಿರುಗಿ, "ರೀ, ನಿಮ್ ಮನಸ್ಸಲ್ಲಿ ಏನಾದ್ರೂ ಇದ್ರೆ ಹೇಳ್ಬಿಡಿ. ನಾವೇ ತಾನೆ ಇರೋದು" ಎಂದಳು.

"ಏನೂ ಇಲ್ಲ" ಎಂದೆ.

ಆಗ ಮೇಘನಾ ಮುಂದೆ ಹೋದಳು. ನನ್ನ ಮಗಳ ಕನ್ನಡದ ಬಗ್ಗೆ ಇಲ್ಲಿ ಹೇಳಬೇಕು. ನಾಲ್ಕು ಪದ ಜೋಡಿಸುವಷ್ಟರಲ್ಲಿ ಎರಡು ಇಂಗ್ಲಿಷ್ ಬಂದಿರುತ್ತವೆ, ಒಂದು ಸ್ವೀಡಿಷ್ ನುಸುಳಿರುತ್ತದೆ. ಅವಳು ನಮಗೆ ಬೆನ್ನು ಹಾಕಿ ಎಲೆಯ ಮುಂದೆ ಕೂತಳು. ಅವಳು ಕೂತ ಕಡೆಯಿಂದ ಬಂದ ಮಾತು ನನಗೆ ಕೇಳಿಸಿತು. ಮೆಲ್ಲಗೆ, ಆದರೆ ಒಂದಕ್ಷರವೂ ಬಿಡದ ಹಾಗೆ ಕೇಳಿಸಿತು.

"ದೊಡ್ಡೋನೆ, ಮೂರು ಸಲ ಮಾಡ್ದೆ ಕಣೋ. ಕನ್ನಡಕ ಹಾಕ್ಕೊಂಡು ಕಾಯ್ಕೊಂಡಿದ್ದೆ."

ನನ್ನನ್ನು ದೊಡ್ಡೋನೆ ಎಂದು ಕರೆಯುತ್ತಿದ್ದವಳು ಅಮ್ಮ ಒಬ್ಬಳೇ. ಧ್ವನಿ ಮೇಘನಾಳದೇ. ಮಾತಿನ ವರಸೆ ಅವಳದಲ್ಲ. ಅವಳು ಎದ್ದು ಎರಡು ಹೆಜ್ಜೆ ಹಿಂದೆ ಬಂದಳೋ ಇಲ್ಲವೋ, ಹಕ್ಕಿಗಳೆಲ್ಲ ಒಟ್ಟಿಗೆ ಎರಗಿದವು. ಆ ಗಲಾಟೆಯಲ್ಲಿ ಎಲೆಯೇ ಹರಿದುಹೋಯಿತು. ನಿಮಿಷದೊಳಗೆ ಬಂಡೆಯ ಮೇಲೆ ಏನೂ ಉಳಿದಿರಲಿಲ್ಲ. ಸುಧಾ ಕಣ್ಣೊರೆಸಿಕೊಳ್ಳುತ್ತಾ ನಕ್ಕಳು. "ನೋಡಿ, ಮೊಮ್ಮಗಳು ಕರೆದಿದ್ದಕ್ಕೆ ಬಂದ್ರು. ಅಜ್ಜಿ ಊಟ ಮಾಡಿ ಪ್ಲೀಸ್ ಅಂದಿದ್ದೇ ತಡ!" ಎಂದಳು.

ನಾನು ಅವಳ ಮುಖವನ್ನೇ ನೋಡುತ್ತಾ ನಿಂತೆ. ಮಗಳು ಕೂತಿದ್ದ ಜಾಗಕ್ಕೆ ಸುಧಾ ನನಗಿಂತ ಹತ್ತಿರದಲ್ಲಿದ್ದಳು.

ಊಟವಾದ ಮೇಲೆ ಮೇಘನಾಳನ್ನು ದೋಣಿಕಟ್ಟೆಯ ಕಡೆ ಕರೆದುಕೊಂಡು ಹೋಗಿ ಕೇಳಿದೆ, "ಅಲ್ಲಿ ಕೂತು ಏನಂದೆ ಪುಟ್ಟಿ?"

"ಅಜ್ಜಿ, ಊಟ ಮಾಡಿ ಪ್ಲೀಸ್. ಅಷ್ಟೇ. ವೈ, ರಾಂಗ್ ಹೇಳಿದ್ನಾ?"

"ಬೇರೆ ಏನಾದ್ರೂ?"

"ನೇಯ್ ಪಪ್ಪಾ. ನನ್ ಹತ್ರ ಬೇರೆ ಕನ್ನಡ ಎಲ್ಲಿದೆ?" ಎಂದು ನಕ್ಕಳು. ಹೋದ ವರ್ಷ ಆ ದ್ವೀಪದಲ್ಲಿ ನನ್ನ ಫೋನು ನೋಡಿದ್ದೆಯಾ ಎಂದೂ ಕೇಳಿಬಿಟ್ಟೆ. ಅವಳಿಗೆ ತಲೆಬುಡ ತಿಳಿಯಲಿಲ್ಲ. ಅವಳು ಸುಳ್ಳು ಹೇಳಿದರೆ ಕಿವಿ ಕೆಂಪಾಗುತ್ತದೆ, ಆ ಗುಣ ನನ್ನಿಂದ ಬಂದದ್ದಲ್ಲ. ಕಿವಿ ಕೆಂಪಾಗಿರಲಿಲ್ಲ.

ಮರುದಿನ ಬೆಳಿಗ್ಗೆ ಒಬ್ಬನೇ ಅದೇ ಕಟ್ಟೆಗೆ ಹೋಗಿ ಶಿವುಗೆ ಫೋನ್ ಮಾಡಿದೆ. ಅಮ್ಮ ಹೋದ ದಿನ ನನಗೆ ಫೋನ್ ಮಾಡಿದ್ದು ಯಾರು ಎಂದು ಕೇಳಿದೆ.

"ಅಮ್ಮಾನೇ ಅಣ್ಣ. ರಾತ್ರಿಯೆಲ್ಲ ಉಬ್ಬಸ ಇತ್ತು. ಬೆಳಗಿನ ಜಾವ ಎದ್ದು ಕೂತ್ಕೊಂಡು, ದೊಡ್ಡೋನ್ನ ನೋಡ್ಬೇಕು, ಫೋನ್ ಹಚ್ಕೊಡು ಅಂದ್ಲು. ಮುಖ ಮಸುಕಾಗ್ ಕಾಣುತ್ತೆ ಅಂತ ಕನ್ನಡಕ ಕೇಳಿ ಹಾಕಿಸ್ಕೊಂಡ್ಲು. ಮೂರು ಸಲ ಅವಳ ಕೈಲೇ ಒತ್ತಿಸ್ದೆ. ಆಮೇಲೆ, ಸರಿ, ಊಟದ ಹೊತ್ತಿರ್ಬೇಕು, ತೆಗಿ ಕನ್ನಡಕ ಅಂದ್ಲು. ಅಷ್ಟೇ."

"ಇದನ್ನ ಯಾಕೆ ಹೇಳ್ಲಿಲ್ಲ ನೀನು?"

"ಯಾರಿಗೂ ಹೇಳಿಲ್ಲ. ನನ್ನ ಹೆಂಡ್ತಿಗೂ ಹೇಳಿಲ್ಲ. ಹೇಳಿ ಏನ್ಮಾಡ್ಲಿ?" ಆಮೇಲೆ, "ರಿಂಗ್ ಆಗ್ತಿತ್ತಣ್ಣ. ನೆಟ್‌ವರ್ಕ್ ಇಲ್ದಿದ್ರೆ ರಿಂಗ್ ಆಗಲ್ಲ, ಗೊತ್ತು ನಂಗೆ" ಎಂದ. ಒಂದು ವರ್ಷ ಗೊತ್ತಿದ್ದೂ ಅವನು ನನ್ನನ್ನು ಅಣ್ಣ ಎಂದೇ ಕರೆದಿದ್ದ. ಆ ಕಟ್ಟೆಯ ಮೇಲೆ ಕೂತು ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ಅತ್ತೆ.

ಇದಾಗಿ ಕೆಲವು ವರ್ಷಗಳಾದವು. ನನಗೆ ತೋಚಿದ ಕಾರಣಗಳನ್ನೆಲ್ಲ ಪರೀಕ್ಷಿಸಿದ್ದೇನೆ. ತಪ್ಪಿತಸ್ಥ ಮನಸ್ಸು ತನಗೆ ಬೇಕಾದ್ದನ್ನು ಕೇಳಿಸಿಕೊಳ್ಳುತ್ತದೆ ಎಂದು ಒಬ್ಬ ಡಾಕ್ಟರ್ ಗೆಳೆಯ ಹೇಳಿದ. ಒಪ್ಪೋಣ. ಮೂರು ಸಲ ಎಂಬುದು ನನ್ನ ಮನಸ್ಸಿಗೆ ಗೊತ್ತಿತ್ತು, ದೊಡ್ಡೋನೆ ಎಂಬುದೂ ಗೊತ್ತಿತ್ತು. ಕನ್ನಡಕದ ವಿಷಯ ಗೊತ್ತಿರಲಿಲ್ಲ. ಅದು ಶಿವು ಒಬ್ಬನಿಗೇ ಗೊತ್ತಿದ್ದದ್ದು, ಅವನು ಸಾವಿರಾರು ಮೈಲಿ ದೂರದಲ್ಲಿದ್ದ. ಹಕ್ಕಿಗಳಿಗೆ ಆ ಕಾಲು ಗಂಟೆ ಏನಾಗಿತ್ತು ಎಂಬುದಕ್ಕೂ ನನ್ನ ಬಳಿ ಉತ್ತರವಿಲ್ಲ. ಆ ಕನ್ನಡಕದ ಮಾತು ನನ್ನ ಕಿವಿಗೆ ಎಲ್ಲಿಂದ ಬಂತು ಎಂದು ಹುಡುಕಿ ಹುಡುಕಿ ಸೋತಿದ್ದೇನೆ. ಆ ಮಾತು ನನಗೆ ಕೇಳಿಸಿತು ಎಂಬುದನ್ನು ಬಿಟ್ಟರೆ ಬೇರೇನೂ ಗೊತ್ತಿಲ್ಲ.

ಹೋದ ವಾರ ಇಲ್ಲಿನ ಸ್ನೇಹಿತರೊಬ್ಬರ ಮನೆಯಲ್ಲಿ ನಾವು ಕೆಲವರು ಊಟಕ್ಕೆ ಸೇರಿದ್ದೆವು. ಊರಿನಲ್ಲಿರುವ ಅಪ್ಪ ಅಮ್ಮಂದಿರ ಮಾತು ಬಂತು. ಸುಧಾ ನನ್ನ ಭುಜದ ಮೇಲೆ ಕೈಯಿಟ್ಟು, ಪಾಪ, ಇವರಿಗೆ ಕೊನೆ ಗಳಿಗೆಯಲ್ಲಿ ಅಮ್ಮನ ಮುಖ ನೋಡುವ ಭಾಗ್ಯವೂ ಇರಲಿಲ್ಲ ಎಂದು ಎಲ್ಲರೆದುರು ಹೇಳಿದಳು. ನಾನು ತಲೆ ತಗ್ಗಿಸಿ ಅನ್ನ ಕಲಸುತ್ತಿದ್ದೆ. ನನ್ನ ಮಕ್ಕಳಿಗೆ ಕನ್ನಡ ಓದಲು ಬರುವುದಿಲ್ಲ. ಸುಧಾಗೆ ಬರುತ್ತದೆ. ನಾನು ಬರೆದದ್ದು ಎಲ್ಲಿ ಅಚ್ಚಾದರೂ ಮೊದಲು ಓದುವವಳು ಅವಳೇ.

ಸುಧಾ, ಆ ದ್ವೀಪದಲ್ಲಿ ನೆಟ್‌ವರ್ಕ್ ಇತ್ತು.