ತೊಂಬತ್ತಾರು ನನ್ನದಲ್ಲ

ಮಕ್ಕಳೇ, ನಿಮ್ಮ ಅಜ್ಜಿ ಕನಕಪುರ ರಸ್ತೆಯಲ್ಲಿ ಗಂಟೆಗೆ ತೊಂಬತ್ತಾರು ಕಿಲೋಮೀಟರ್ ವೇಗದಲ್ಲಿ ಕಾರು ಓಡಿಸಿದಳು ಎಂದು ನೀವಿಬ್ಬರೂ ಸ್ಕೂಲಿನಲ್ಲೆಲ್ಲ ಹೇಳಿಕೊಂಡು ತಿರುಗಿದಿರಿ. ಆಮೇಲೆ ನಿಮ್ಮಮ್ಮ ಅದೆಲ್ಲ ಸುಳ್ಳು ಅಂದಳು. ನೀವು ಅರ್ಧ ನಂಬಿದಿರಿ, ಅರ್ಧ ಬಿಟ್ಟಿರಿ. ನಡೆದದ್ದೇನು ಎಂದು ನಾನೇ ಬರೆದಿಡುತ್ತೇನೆ. ಎದುರಿಗೆ ಹೇಳು ಅಂದರೆ ನನ್ನಿಂದಾಗದು. ನಮ್ಮೂರ ಶಾಲೆಯಲ್ಲಿ ಮೇಷ್ಟ್ರು ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದರೂ ಬಾಯಿ ಬಿಡುತ್ತಿರಲಿಲ್ಲ, ಸ್ಲೇಟಿನ ಮೇಲೆ ಬರೆದು ತೋರಿಸುತ್ತಿದ್ದೆ. ಏಳನೇ ಕ್ಲಾಸಿಗೆ ಓದು ನಿಂತಿತು. ಆ ಅಭ್ಯಾಸ ನಿಲ್ಲಲಿಲ್ಲ.

ನಿಮ್ಮ ತಾತ ಹೋದಾಗ ಜಯನಗರದ ಈ ಮನೆಯ ಮುಂದೆ ಅವರ ಬಿಳಿ ಕಾರು ಉಳಿಯಿತು. ಪಂಚೆ, ಶರ್ಟು, ಕೊಡೆ, ಚಪ್ಪಲಿ ಎಲ್ಲ ದಾನವಾಗಿ ಹೋದವು. ಗೋದಾನಕ್ಕೆ ಹಸುವಿನ ಬದಲು ತೆಂಗಿನಕಾಯಿ ಕೊಟ್ಟರೂ ಒಪ್ಪಿಕೊಂಡಿದ್ದ ಪುರೋಹಿತರು ಹೊರಡುವಾಗ ಕಾರಿನ ಕಡೆ ಒಂದು ಸಲ ನೋಡಿದರು. ನಾನು ಅವರು ನೋಡಿದ್ದನ್ನು ನೋಡದವಳ ಹಾಗೆ ಒಳಗೆ ಹೋದೆ.

ಕಾರು ನಿಂತಲ್ಲೇ ನಿಂತಿತು. ರಿಪೇರಿಯವನು ಬಂದು, "ವಾರಕ್ಕೊಂದ್ಸಲ ಸ್ಟಾರ್ಟ್ ಮಾಡಿ ಆಂಟಿ, ಇಲ್ಲಾಂದ್ರೆ ಬ್ಯಾಟರಿ ಸತ್ತೋಗುತ್ತೆ" ಅಂದ. ಹಾಗಾಗಿ ಪ್ರತಿ ಮಂಗಳವಾರ ಸ್ಟೇರಿಂಗ್ ಹಿಡಿದು ಹತ್ತು ನಿಮಿಷ ಕೂತಿರುತ್ತಿದ್ದೆ. ಎಲ್ಲಿಗೂ ಹೋಗದ ಕಾರಿನಲ್ಲಿ ಎಷ್ಟು ಮಂಗಳವಾರ ಕೂರುವುದು? ಒಂದು ದಿನ ಯಾರಿಗೂ ಹೇಳದೆ ಡ್ರೈವಿಂಗ್ ಸ್ಕೂಲಿಗೆ ಸೇರಿದೆ. ಲೈಸೆನ್ಸ್ ಬಂದ ಮೇಲೆ ನಿಮ್ಮಮ್ಮನಿಗೆ ಹೇಳಿದೆ. ಅವಳು ಜೆ.ಪಿ. ನಗರದಿಂದ ಆಟೋ ಹತ್ತಿ ಬಂದು ನನ್ನ ಹಣೆ ಮುಟ್ಟಿ ನೋಡಿದಳು.

ಅಂದಿನಿಂದ ಮಂಗಳವಾರ ರಾಹುಕಾಲಕ್ಕೆ ಬನಶಂಕರಿ ದೇವಸ್ಥಾನಕ್ಕೆ ಹೋಗಿ ನಿಂಬೆಹಣ್ಣಿನ ದೀಪ ಹಚ್ಚಿ ಬರುವುದು ನನ್ನ ವ್ರತವಾಯಿತು. ನಿಜ ಹೇಳುತ್ತೇನೆ, ದೀಪ ದೇವಿಗೆ, ದಾರಿ ನನಗೆ. ಮೊದಲು ಇಷ್ಟು ಭಕ್ತಿ ನನಗಿರಲಿಲ್ಲ. ಎರಡನೇ ಗೇರಿನಲ್ಲಿ ಇಪ್ಪತ್ತರ ವೇಗದಲ್ಲಿ ಹೋಗುತ್ತಿದ್ದೆ. ಹಿಂದಿನವರು ಹಾರ್ನ್ ಹೊಡೆದರೆ ನನಗಲ್ಲ ಎಂದುಕೊಳ್ಳುತ್ತಿದ್ದೆ. ನಾಲ್ಕನೇ ಗೇರ್ ಇದೆ ಎಂದು ಕೇಳಿ ಮಾತ್ರ ಗೊತ್ತಿತ್ತು.

ಹೀಗಿರುವಾಗ ಹಿಂದಿನ ಕ್ರಾಸಿನಲ್ಲಿ ಯಾರದೋ ಕಾರು ಕಳುವಾಯಿತು. ನಿಮ್ಮಮ್ಮ ನಿಮ್ಮಪ್ಪನನ್ನು ಕರೆದುಕೊಂಡು ಬಂದು ಸೋಫಾದ ತುದಿಯಲ್ಲಿ ಕೂತಳು. ಸೋಫಾದ ತುದಿಯಲ್ಲಿ ಕೂತರೆ ಅವಳು ಏನೋ ನಿರ್ಧಾರ ಮಾಡಿಕೊಂಡೇ ಬಂದಿರುತ್ತಾಳೆ.

"ಅಮ್ಮ, ಕಾರಿಗೆ ಒಂದು ಟ್ರ್ಯಾಕರ್ ಹಾಕಿಸ್ತೀವಿ."

"ಹಾಗಂದ್ರೆ?"

ನಿಮ್ಮಪ್ಪ ವಿವರಿಸಿದರು. ಬೆಂಕಿಪೊಟ್ಟಣದಷ್ಟು ಕಪ್ಪು ಡಬ್ಬಿ. ಕಾರಿನೊಳಗೆ ಕೂತು, ಕಾರು ಎಲ್ಲಿದೆ, ಎಷ್ಟು ವೇಗವಾಗಿ ಓಡುತ್ತಿದೆ ಎಂದು ಫೋನಿಗೆ ಹೇಳುತ್ತಿರುತ್ತದೆ. ಕಳುವಾದರೆ ಹುಡುಕಬಹುದು. ಇನ್ಶೂರೆನ್ಸ್ ಕಂತೂ ಕಡಿಮೆಯಾಗುತ್ತದೆ. ನಲವತ್ತು ವರ್ಷ ನನ್ನ ಅತ್ತೆ ಮಾಡಿದ ಕೆಲಸವನ್ನು ಒಂದು ಡಬ್ಬಿ ಮಾಡುತ್ತದೆ ಎಂದು ನನಗೆ ಅರ್ಥವಾಯಿತು.

"ಮೂರು ತಿಂಗಳು ನೋಡ್ತೀನಿ ಅಮ್ಮ" ಅಂದಳು ನಿಮ್ಮಮ್ಮ. "ನೀನು ಹುಷಾರಾಗಿ ಓಡಿಸ್ತಿದ್ದೀಯ ಅಂತ ಗೊತ್ತಾದ್ರೆ ಕಾರ್ ನಿನ್ ಹತ್ರಾನೇ ಇರ್ಲಿ. ಇಲ್ಲಾಂದ್ರೆ ಮಾರ್ಬಿಡೋಣ. ನಂಗೆ ಭಯದಲ್ಲಿ ಬದುಕೋಕಾಗಲ್ಲ."

ನಾನು ಒಪ್ಪಿದೆ. ಇಪ್ಪತ್ತರ ವೇಗದವಳಿಗೆ ಏನು ಭಯ? ಒಳ್ಳೆಯ ದಿನ ಹಾಕಿಸಿ ಎಂದು ಮಾತ್ರ ಹೇಳಿದೆ. ವಿಜಯದಶಮಿ ಎಂದು ನಿಗದಿಯಾಯಿತು. ಎಡವಟ್ಟಾಗಿದ್ದೇ ಆ ಒಳ್ಳೆಯ ದಿನದಿಂದ.

ನಮ್ಮ ಬೀದಿಯ ಪದ್ಧತಿ ನಿಮಗೆ ಗೊತ್ತಿದೆ. ಜಾಗ ಕಡಿಮೆ, ಒಬ್ಬರ ಕಾರು ಇನ್ನೊಬ್ಬರ ಗೇಟಿಗೆ ಅಡ್ಡ. ಅದಕ್ಕೆ ನಮ್ಮ ಕಾರಿನ ಒಂದು ಕೀ ಪಕ್ಕದ ಮನೆಯಲ್ಲಿ, ಪಕ್ಕದ ಮನೆಯವರದು ನಮ್ಮಲ್ಲಿ, ದೇವರಮನೆ ಬಾಗಿಲ ಮೊಳೆಗೆ ನೇತುಹಾಕಿರುತ್ತದೆ. ಪಕ್ಕದ ಮನೆ ತಾತ ರಿಟೈರಾದ ಆಫೀಸರು. ನಿಮ್ಮ ತಾತನ ಕಾರು ನೋಡಿ, ಮೈಲೇಜ್ ವಿಚಾರಿಸಿ, ಮೂರೇ ತಿಂಗಳಲ್ಲಿ ಅದೇ ಕಾರು, ಅದೇ ಬಿಳಿ ಬಣ್ಣದ್ದು ತಂದಿದ್ದರು. ಎರಡಕ್ಕೂ ಒಂದೇ ಥರದ ಬೂದು ಕವರು. ಎರಡು ಕೀಗಳೂ ಅವಳಿ ಜವಳಿ. ನಮ್ಮದಕ್ಕೆ ನಿಮ್ಮ ತಾತ ಕೆಂಪು ದಾರ ಕಟ್ಟಿದ್ದರು, ಗುರುತು ಅದೊಂದೇ.

ಆ ದಸರೆಗೆ ಪಕ್ಕದವರು ರೈಲಿನಲ್ಲಿ ಮೈಸೂರಿಗೆ ನೆಂಟರ ಮನೆಗೆ ಹೋಗಿದ್ದರು. ಆಯುಧಪೂಜೆಯ ದಿನ ನಮ್ಮ ಕೀಗೆ ಅರಿಶಿನ ಕುಂಕುಮ ಹಚ್ಚಿದೆ. ಪಕ್ಕದಲ್ಲೇ ಅವರ ಕೀ ಬೋಳಾಗಿ ನೇತಾಡುತ್ತಿತ್ತು. ಹಬ್ಬದ ದಿನ ಅದೊಂದು ಯಾಕೆ ಅನಾಥವಾಗಿರಬೇಕು ಎಂದು ಅದಕ್ಕೂ ಪೂಜೆ ಮಾಡಿದೆ. ಸುಮ್ಮನಿರಲಾರದೆ ನಮ್ಮದರ ಹಳೇ ದಾರ ಬಿಚ್ಚಿ ಎರಡಕ್ಕೂ ಹೊಸ ಕೆಂಪು ದಾರ ಕಟ್ಟಿದೆ. ದೇವರಿಗೆ ಎಲ್ಲ ಕಾರೂ ಒಂದೇ. ಇನ್ಶೂರೆನ್ಸಿನವರಿಗೆ ಹಾಗಲ್ಲ.

ಮರುದಿನ ಟ್ರ್ಯಾಕರಿನವನು ಬಂದ. ನಾನು ಬಾಗಿಲ ಸಂದಿಯಿಂದಲೇ ಕೀ ಕೊಟ್ಟು ಕಾಫಿ ಇಡಲು ಒಳಗೆ ಓಡಿದೆ. ಹೊಸಬರು ಬಂದರೆ ನನಗೆ ಅಡುಗೆಮನೆಯಲ್ಲಿ ತುರ್ತು ಕೆಲಸ ಹುಟ್ಟಿಕೊಳ್ಳುತ್ತದೆ. ಅವನು ಕೀ ಒತ್ತಿದ. ಹೊರಗೆ ಕುಂಯ್ ಎಂದು ಸದ್ದಾಯಿತು.

"ಆಂಟಿ, ಗೇಟ್ ಮುಂದೆ ಹೊಂಗೆ ಮರದ ಕೆಳಗೆ ಇರೋದೇ ತಾನೆ?"

"ಹೂಂ" ಅಂದೆ, ಹಾಲಿನ ಕಡೆ ಕಣ್ಣಿಟ್ಟುಕೊಂಡು.

ಹೊರಗೆ ಬಂದು ನೋಡಿದರೆ ಕಾರಿನ ಬಾಗಿಲಿಂದ ಎರಡು ಕಾಲು ಮಾತ್ರ ಚಾಚಿದ್ದವು. ಗಂಡಸರ ಕಾಲು ನೋಡುತ್ತ ನಿಲ್ಲುವುದೇ ಎಂದು ಲೋಟವನ್ನು ಕಾಂಪೌಂಡ್ ಮೇಲಿಟ್ಟು ಒಳಗೆ ಬಂದುಬಿಟ್ಟೆ. ನಮ್ಮ ಕಾರು ಪಕ್ಕದವರ ಗೇಟಿನ ಮುಂದೆ ಕವರು ಹೊದ್ದು ಮಲಗಿತ್ತು.

ಆ ವಾರ ಪಕ್ಕದವರು ವಾಪಸು ಬಂದರು. ಅದಾದ ಎರಡು ದಿನಕ್ಕೆ ಬೆಳಿಗ್ಗೆ ಏಳಕ್ಕೇ ನಿಮ್ಮಮ್ಮನ ಫೋನು.

"ಅಮ್ಮ, ಆರು ಗಂಟೆಗೆ ವಸಂತಪುರದಲ್ಲಿ ಏನ್ ಮಾಡ್ತಿದ್ದೆ?"

"ಯಾವ ವಸಂತಪುರ? ರಂಗೋಲಿ ಹಾಕ್ತಿದ್ದೆ."

"ಸುಳ್ಳು ಹೇಳ್ಬೇಡ. ಕಾರು ಹೋಗಿ ಅರ್ಧ ಗಂಟೆ ನಿಂತು ಬಂದಿದೆ. ತೊಂಬತ್ತಾರು, ಅಮ್ಮ! ಕನಕಪುರ ರೋಡಲ್ಲಿ ತೊಂಬತ್ತಾರು!"

ಮಿಷನ್ನಿಗೆ ತಲೆ ಕೆಟ್ಟಿದೆ ಅಂದೆ. ಮಾರನೇ ದಿನವೂ ಅದೇ. ಅದರ ಮಾರನೇ ದಿನವೂ ಅದೇ. ಆ ಡಬ್ಬಿ ಡ್ರೈವರಿಗೆ ಮಾರ್ಕ್ಸ್ ಬೇರೆ ಕೊಡುತ್ತದೆಯಂತೆ. ನನಗೆ ನೂರಕ್ಕೆ ಮೂವತ್ತೊಂದು. ಶಾಲೆಯಲ್ಲೂ ನಾನು ಅಷ್ಟು ಕಡಿಮೆ ತೆಗೆದಿರಲಿಲ್ಲ. ನಿಮ್ಮಮ್ಮ ಮಾತಿನ ನಡುವೆ ಸುಮ್ಮನೆ ಎಂಬಂತೆ, "ಇವತ್ತು ಯಾವ ವಾರ ಅಮ್ಮ?" ಎಂದು ಕೇಳತೊಡಗಿದಳು. ನನಗೆ ಮರೆವಿನ ರೋಗ ಎಂದು ಅವಳ ಅನುಮಾನ.

ನಿಮ್ಮಿಬ್ಬರ ಕಥೆಯೇ ಬೇರೆ. ನೀವು ಫೋನಿನಲ್ಲಿ, "ಅಜ್ಜಿ, ಸಖತ್ ಗುರು ನೀನು!" ಅಂದಿರಿ. ಹುಟ್ಟಿದಾರಭ್ಯ ನನ್ನನ್ನು ಯಾರೂ ಗುರು ಅಂದಿರಲಿಲ್ಲ. ನಾನಲ್ಲ ಎಂದು ಹೇಳಬೇಕಿತ್ತು. ಹೇಳಲಿಲ್ಲ. ಸುಮ್ಮನೆ ನಕ್ಕೆ. ಆ ನಗು ದೊಡ್ಡ ಸುಳ್ಳು, ಅದಕ್ಕೆ ಕ್ಷಮೆ ಕೇಳುತ್ತೇನೆ. ಬಹಳ ಖುಷಿಯಾಗಿತ್ತು ಎಂಬುದನ್ನೂ ಸೇರಿಸುತ್ತೇನೆ.

ಖುಷಿ ಶುಕ್ರವಾರದವರೆಗೆ ಉಳಿಯಿತು. ಅಂದು ನಿಮ್ಮಮ್ಮ ಫೋನ್ ಮಾಡಿ, "ಭಾನುವಾರ ಒಬ್ಬರು ಕಾರ್ ನೋಡೋಕೆ ಬರ್ತಾರೆ. ಆರ್.ಸಿ. ತೆಗೆದಿಡು" ಅಂದಳು. ಅತ್ತಿದ್ದಳು ಎಂದು ಸ್ವರದಲ್ಲೇ ಗೊತ್ತಾಯಿತು. ನಾನು ಆರ್.ಸಿ. ತೆಗೆದು ಮೇಜಿನ ಮೇಲಿಟ್ಟೆ. ಇನ್ನು ಮಂಗಳವಾರ ದೇವಿ ತಾನೇ ಬಂದು ದೀಪ ಹಚ್ಚಿಸಿಕೊಂಡು ಹೋಗಬೇಕು ಎಂದುಕೊಂಡೆ.

ಆದರೂ ಆರು ಗಂಟೆಗೆ ನನ್ನ ಕಾರು ಒಯ್ಯುವವರು ಯಾರು? ಒಂದು ಗಳಿಗೆ ನಿಮ್ಮ ತಾತನ ಮೇಲೇ ಅನುಮಾನ ಬಂತು. ಆಮೇಲೆ, ಬದುಕಿದ್ದಾಗ ನಲವತ್ತು ದಾಟದವರು ಸತ್ತ ಮೇಲೆ ತೊಂಬತ್ತಾರು ಹೋಗುತ್ತಾರೆಯೇ ಎಂದು ಅವರನ್ನು ಬಿಟ್ಟೆ.

ಶನಿವಾರ ಬೆಳಗಿನ ಜಾವ ರಂಗೋಲಿ ಡಬ್ಬಿಯ ಜೊತೆ ಫೋನನ್ನೂ ಹಿಡಿದು ಗೇಟಿಗೆ ಬಂದೆ. ನಿಮ್ಮಮ್ಮ ನನ್ನ ಫೋನಿಗೂ ಆ ಟ್ರ್ಯಾಕರಿನ ನಕ್ಷೆ ಹಾಕಿಕೊಟ್ಟಿದ್ದಳು, ನಾನು ತೆರೆದಿರಲಿಲ್ಲ. ತೆರೆದೆ. ನಮ್ಮ ಬೀದಿಯ ಮೇಲೆ ಒಂದು ನೀಲಿ ಚುಕ್ಕೆ ಅಲುಗಾಡದೆ ಕೂತಿತ್ತು. ನನ್ನ ಕಾರೂ ಕವರಿನಡಿ ಅಲುಗಾಡದೆ ಕೂತಿತ್ತು. ಸರಿ, ಎಲ್ಲ ನೆಟ್ಟಗಿದೆಯಲ್ಲ ಎಂದು ಕೂತು ಚುಕ್ಕಿ ಇಡುತ್ತಿದ್ದೆ.

ಪಕ್ಕದ ಮನೆ ತಾತ ವಾಕಿಂಗ್ ಶೂ ಹಾಕಿಕೊಂಡು ಬಂದರು. ಪಾರ್ಕಿಗೆ ವಾಕಿಂಗ್ ಎಂದು ಅವರು ದಿನಾ ಹೋಗುತ್ತಾರೆ. ಎರಡು ಕ್ರಾಸ್ ಆಚೆಯ ಪಾರ್ಕಿಗೆ ಕಾರು ಯಾಕೆ ಎಂದು ನಾನು ಎಂದೂ ಯೋಚಿಸಿರಲಿಲ್ಲ. ಅವರು ಕವರು ತೆಗೆದರು, ಕೂತರು, ಹೊರಟರು. ಫೋನಿನ ಮೇಲೆ ನೀಲಿ ಚುಕ್ಕೆಯೂ ಹೊರಟಿತು. ಅವರು ಮೂಲೆಯಲ್ಲಿ ಎಡಕ್ಕೆ ತಿರುಗಿದರು, ಚುಕ್ಕೆಯೂ ಎಡಕ್ಕೆ ತಿರುಗಿತು. ನನ್ನ ಕೈಯ ರಂಗೋಲಿ ಪುಡಿ ಒಂದೇ ಕಡೆ ಗುಡ್ಡೆ ಬಿತ್ತು.

ಹೊಂಗೆ ಮರ, ಕೆಂಪು ದಾರ, ಅಡುಗೆಮನೆಯ "ಹೂಂ" ಎಲ್ಲ ಒಟ್ಟಿಗೆ ನೆನಪಾದವು. ಚುಕ್ಕೆ ವಸಂತಪುರದಲ್ಲಿ ನಿಂತಿತು. ಬೆರಳಿನಿಂದ ನಕ್ಷೆ ಹಿಗ್ಗಿಸಿದೆ. ಅಲ್ಲೊಂದು ಟಿಫನ್ ಹೋಟೆಲು, ಕೇಸರಿಬಾತಿಗೆ ಹೆಸರಾದದ್ದು.

ಪಕ್ಕದ ಮನೆ ತಾತನಿಗೆ ಸಕ್ಕರೆ ಕಾಯಿಲೆ. ಅವರ ಹೆಂಡತಿ ಮನೆಯಲ್ಲಿ ಬೆಲ್ಲದ ಡಬ್ಬಿಗೂ ಬೀಗ ಹಾಕಿದ್ದಾರೆ. ನನಗೆ ಎಲ್ಲ ತಿಳಿಯಿತು. ಏಳು ಗಂಟೆಗೆ ಆಕೆಯ ಪೂಜೆ ಮುಗಿಯುತ್ತದೆ. ಅದಕ್ಕೇ ತೊಂಬತ್ತಾರು.

ಅವರು ವಾಪಸು ಬರುವವರೆಗೆ ಗೇಟಿನಲ್ಲೇ ನಿಂತಿದ್ದೆ. ಮೂವತ್ತು ವರ್ಷದಲ್ಲಿ ಅವರ ಎದುರು ನಿಂತು ನಾನು ಮಾತಾಡಿದ್ದಿಲ್ಲ. ನಮ್ಮ ಮಾತೆಲ್ಲ ಅವರ ಹೆಂಡತಿಯ ಜೊತೆ, ಕಾಂಪೌಂಡಿನ ಮೇಲಿಂದ. ಅವರು ಕಾರಿಂದಿಳಿದು ಕರವಸ್ತ್ರದಲ್ಲಿ ಮೀಸೆ ಒರೆಸಿಕೊಂಡರು. ನಾಳೆ ಬರುವವರು ಕಾರು ತೆಗೆದುಕೊಂಡು ಹೋಗುತ್ತಾರಲ್ಲ ಎಂದು ನೆನೆಸಿಕೊಂಡು ಬಾಯಿ ಬಿಟ್ಟೆ.

"ಕೇಸರಿಬಾತ್ ಚೆನ್ನಾಗಿತ್ತಾ ಸಾರ್?"

ಅವರು ಮೊದಲು ತಮ್ಮ ಮನೆ ಬಾಗಿಲು ನೋಡಿದರು, ಆಮೇಲೆ ನನ್ನನ್ನು. "ಮೇಡಂ, ಒಂದೇ ಪ್ಲೇಟ್" ಅಂದರು.

"ಅರ್ಧ ಗಂಟೆ ನಿಂತಿದ್ರಿ."

"ಎರಡು ಪ್ಲೇಟ್."

ತಗ್ಗಿದ ಧ್ವನಿಯಲ್ಲಿ ಎಲ್ಲ ಹೇಳಿದೆ. ನನ್ನ ಟ್ರ್ಯಾಕರು ನಿಮ್ಮ ಕಾರಿನಲ್ಲಿದೆ, ತಪ್ಪು ನನ್ನದೇ, ಆದರೆ ನಿಮ್ಮ ವೇಗಕ್ಕೆ ನನ್ನ ಕಾರು ಮಾರಾಟವಾಗುತ್ತಿದೆ.

"ನನ್ನ ಮಗಳು ನನ್ನ ಮಾತು ನಂಬಲ್ಲ ಸಾರ್. ನೀವೇ ಬಂದು ಹೇಳ್ಬೇಕು."

"ನಮ್ಮನೆಯವಳಿಗೆ ಗೊತ್ತಾದ್ರೆ ನನ್ ಕಥೆ ಮುಗೀತು ಮೇಡಂ."

"ಹೋಟ್ಲಿನ ವಿಷಯ ನಾನು ಹೇಳಲ್ಲ. ಓಡಿಸಿದ್ದು ನೀವು ಅಂತ ಹೇಳಿ ಸಾಕು."

ಅವರು ಮೀಸೆಯನ್ನು ಇನ್ನೊಮ್ಮೆ ಒರೆಸಿಕೊಂಡು ಒಳಗೆ ಹೋದರು.

ಭಾನುವಾರ ನೀವಿಬ್ಬರೂ ಚಿತ್ರದ ಕ್ಲಾಸಿಗೆ ಹೋಗಿದ್ದಿರಿ. ಕಾರು ಕೊಳ್ಳುವವರು ಬಂದು ಟೈರು ಒದ್ದು ನೋಡಿದರು. ನನ್ನ ಹೊಟ್ಟೆಗೇ ಒದ್ದ ಹಾಗಾಯಿತು. ನಾನು ನಿಮ್ಮಮ್ಮನನ್ನು ಪಕ್ಕಕ್ಕೆ ಕರೆದು ಕೀ ಕಥೆ ಹೇಳಿದೆ. ಅವಳು ಮರುಕದಿಂದ ನನ್ನ ಭುಜ ಸವರಿದಳು.

"ಇರ್ಲಿ ಬಿಡಮ್ಮ. ಪಾಪ, ಆ ವಯಸ್ಸಾದ ಅಂಕಲ್ ಮೇಲೆ ಯಾಕೆ ಹಾಕ್ತೀಯ? ಅವ್ರು ಪಾರ್ಕ್ ಬಿಟ್ಟು ಎಲ್ಲಿಗೂ ಹೋಗಲ್ಲ."

ಅಷ್ಟರಲ್ಲಿ ಪಕ್ಕದ ಗೇಟು ಕಿರ್ರೆಂದಿತು. ತಾತ ಬಂದರು. ಹಿಂದೆಯೇ ಅವರ ಹೆಂಡತಿಯೂ ಬಂದರು, ಕಾರು ಕೊಳ್ಳುವವರನ್ನು ನೋಡಲು. ತಾತ ಒಮ್ಮೆ ಹಿಂದಿರುಗಿ ಹೆಂಡತಿಯನ್ನು ನೋಡಿದರು. ಆಮೇಲೆ ಆಫೀಸಿನ ಗತ್ತಿನಲ್ಲಿ, "ನೋಡಮ್ಮ, ಆ ತೊಂಬತ್ತಾರು ನಂದು" ಅಂದರು. "ಡಬ್ಬಿ ನಮ್ ಕಾರಲ್ಲಿದೆ. ಡ್ಯಾಶ್‌ಬೋರ್ಡ್ ಕೆಳಗೆ, ಬೇಕಾದ್ರೆ ಬಗ್ಗಿ ನೋಡಿ."

ನಿಮ್ಮಪ್ಪ, "ಆರು ಗಂಟೆಗೆ ವಸಂತಪುರಕ್ಕೆ ಹೋಗ್ತಿದ್ದಿದ್ದು ನೀವಾ ಅಂಕಲ್?" ಎನ್ನುತ್ತ ಬಗ್ಗಿ ನೋಡಿದರು. ಇತ್ತು.

"ಬೆಳಿಗ್ಗೆ ಆರಕ್ಕೆ ನಿಮಗೆ ವಸಂತಪುರದಲ್ಲಿ ಏನ್ ಕೆಲ್ಸ?" ಎಂದು ಅವರ ಹೆಂಡತಿ ಕೇಳಿದರು.

"ದೇವಸ್ಥಾನ" ಅಂದರು ತಾತ. "ಬೆಳಗಿನ ದರ್ಶನ. ಹೇಳಿಕೊಂಡು ಮಾಡೋದು ಭಕ್ತಿ ಅಲ್ಲ ಅಂತ ಸುಮ್ಮನಿದ್ದೆ."

ನಿಮ್ಮಮ್ಮ ಫೋನಿನಲ್ಲಿ ನಕ್ಷೆ ಹಿಗ್ಗಿಸಿ ನೋಡಿದಳು. ನನ್ನನ್ನು ನೋಡಿದಳು. ನಾನು ಹೊಂಗೆ ಮರ ನೋಡಿದೆ. ಅವಳು ಸೆರಗಿಲ್ಲದ್ದಕ್ಕೆ ದುಪಟ್ಟಾವನ್ನೇ ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಒಳಗಿನಿಂದ ಕೆಮ್ಮಿನಂಥ ಸದ್ದು ಬಹಳ ಹೊತ್ತು ಬರುತ್ತಿತ್ತು. ಪಕ್ಕದ ಮನೆ ಅಜ್ಜಿಯ ಕಣ್ಣಲ್ಲಿ ನೀರು. "ಇಷ್ಟು ವರ್ಷ ನಿಮ್ಮನ್ನ ನಾಸ್ತಿಕ ಅಂದ್ಕೊಂಡಿದ್ದೆ ಕಣ್ರೀ! ನಾಳೆಯಿಂದ ನಾನೂ ಬರ್ತೀನಿ" ಅಂದರು. ತಾತನ ಮುಖ ಆಗ ನೋಡಬೇಕಿತ್ತು. ಈಗ ದಿನಾ ಗಂಡ ಹೆಂಡತಿ ನಲವತ್ತರ ವೇಗದಲ್ಲಿ ಹೋಗಿ, ತುಳಸಿ ತೀರ್ಥ ಕುಡಿದು ಬರುತ್ತಾರೆ.

ಕೊಳ್ಳುವವರನ್ನು ಕಾಫಿ ಕೊಟ್ಟು ಕಳಿಸಿದೆವು. ಟ್ರ್ಯಾಕರಿನವನು ಬಂದು, "ನೀವೇ ಹೂಂ ಅಂದ್ರಲ್ಲ ಆಂಟಿ" ಎನ್ನುತ್ತ ಡಬ್ಬಿಯನ್ನು ನಮ್ಮ ಕಾರಿಗೆ ಹಾಕಿದ. ಈ ಸಲ ಎದುರಿಗೇ ನಿಂತು, ನಂಬರ್ ಪ್ಲೇಟು ಮುಟ್ಟಿ ತೋರಿಸಿದೆ. ಮೂರು ತಿಂಗಳು ಕಳೆದವು. ನನಗೆ ನೂರಕ್ಕೆ ತೊಂಬತ್ತೊಂಬತ್ತು, ಅತಿ ಹೆಚ್ಚಿನ ವೇಗ ಇಪ್ಪತ್ತೆರಡು. ನಿಮ್ಮಮ್ಮನಿಗೆ ನೆಮ್ಮದಿ, ಇನ್ಶೂರೆನ್ಸಿನವರಿಗೆ ನೆಮ್ಮದಿ, ಕಾರು ನನ್ನದಾಗಿ ಉಳಿಯಿತು. ನೀವು ಮಾತ್ರ, "ಅಷ್ಟೇನಾ ಅಜ್ಜಿ, ಇಪ್ಪತ್ತೆರಡಾ?" ಎಂದು ಮುಖ ಸಣ್ಣ ಮಾಡಿದಿರಿ.

ಈಗ ಬರೆಯಬೇಕಾದ್ದು ಇಷ್ಟೇ. ಕಳೆದ ಗುರುವಾರ ಬೆಳಿಗ್ಗೆ ಎದ್ದು ರಂಗೋಲಿ ಹಾಕಿ, ಕವರು ತೆಗೆದು, ಕನಕಪುರ ರಸ್ತೆ ಹಿಡಿದೆ. ಖಾಲಿ ರಸ್ತೆ. ಮೂರನೇ ಗೇರು ಹಾಕಿದೆ. ಕಾರು ಇನ್ನೂ ಏನೋ ಕೇಳುತ್ತಿದೆ ಅನ್ನಿಸಿತು. ನಾಲ್ಕನೆಯದು ಹಾಕಿದೆ. ಅದು ನಿಜವಾಗಿಯೂ ಇದೆ ಮಕ್ಕಳೇ, ಬೆಣ್ಣೆಯ ಹಾಗೆ ಬೀಳುತ್ತದೆ. ಮುಳ್ಳು ಅರವತ್ತನಾಲ್ಕು ತೋರಿಸುವವರೆಗೆ ಓಡಿಸಿದೆ. ಕಿರುಚಿದೆ ಅನ್ನಿಸುತ್ತದೆ, ಕಿಟಕಿ ಮುಚ್ಚಿತ್ತು.

ವಸಂತಪುರದ ಹೋಟೆಲಿನಲ್ಲಿ ಒಬ್ಬಳೇ ಒಂದು ಮೇಜಿಗೆ ಕೂತು ಕೇಸರಿಬಾತ್ ತರಿಸಿದೆ. ಮೊದಲ ಚಮಚ ಬಾಯಿಗಿಟ್ಟಾಗ ಫೋನು ಬಂತು.

"ಅಮ್ಮ, ಅರವತ್ತನಾಲ್ಕು ತೋರಿಸ್ತಿದೆ, ವಸಂತಪುರ! ಅಂಕಲ್ ನಮ್ಮ ಕಾರ್ ತಗೊಂಡ್ ಹೋಗಿದ್ದಾರಾ? ಅವ್ರ ಹತ್ರ ಕೀ ಇದೆಯಲ್ಲಾ?"

ಕೇಸರಿಬಾತ್ ಬಿಸಿಯಿತ್ತು, ತುಪ್ಪ ಧಾರಾಳವಾಗಿತ್ತು, ಬಾಯಿ ತುಂಬಿತ್ತು.

"ಹೂಂ" ಅಂದೆ.