ಎಕ್ಸ್‌ಚೇಂಜಿನ ಅಕ್ಕ

ಹೊಸ ತಂತಿಯ ಸುರುಳಿ ಬಿಚ್ಚಿದ ಕೂಡಲೇ ರಬ್ಬರಿನ ಘಾಟು ಪಡಸಾಲೆಯ ತುಂಬ ಹರಡಿತು. ಮೊಮ್ಮಗಳು ಮನೆಯ ಎರಡು ಕಂಪ್ಯೂಟರ್‌ಗಳನ್ನು ಕೂಡಿಸಲು ಕುಳಿತಿದ್ದಳು. ಒಂದು ಅವಳದು, ಒಂದು ಅವಳಪ್ಪನದು. ಎರಡರ ಒಳಗಿನ ಪದ್ಧತಿ ಬೇರೆ ಬೇರೆಯಂತೆ, ಒಂದರ ಮಾತು ಇನ್ನೊಂದಕ್ಕೆ ತಿಳಿಯುವುದಿಲ್ಲವಂತೆ. ತಾಸುಗಟ್ಟಲೆ ಗುದ್ದಾಡಿ, ಕೊನೆಗೆ ತನ್ನದರಲ್ಲಿದ್ದ ನನ್ನ ಫೋಟೋವನ್ನು ಅಪ್ಪನದರಲ್ಲಿ ತೆರೆದು ತೋರಿಸಿದಳು.

"ನೋಡಜ್ಜಾ, ಎರಡೂ ಮಾತಾಡಾಕತ್ತಾವ! ಇದರದ್ದು ಅದಕ್ಕ ತಿಳಿಸಿ ಹೇಳಾಕ ನಡುವ ಒಂದು ಪ್ರೋಗ್ರಾಂ ನಿಲ್ಲಿಸೇನಿ."

ನಾಲ್ಕನೇ ಇಯತ್ತೆ ದಾಟದ ನನಗೆ ಹಿಗ್ಗು ತಡೆಯಲಿಲ್ಲ. ಓಣಿಯಲ್ಲಿ ಹಾದು ಹೋಗುವವರನ್ನೆಲ್ಲ ಒಳಗೆ ಕರೆದು ತೋರಿಸಿದೆ. ಆದರೆ ಆ ರಬ್ಬರಿನ ವಾಸನೆ, ನಡುವೆ ನಿಂತು ತಿಳಿಸಿ ಹೇಳುವ ಮಾತು... ಶಿಗ್ಗಾಂವಿಯ ಟೆಲಿಫೋನ್ ಎಕ್ಸ್‌ಚೇಂಜಿನ ಅಕ್ಕ ನೆನಪಾದಳು.

ಎಪ್ಪತ್ತರ ದಶಕದ ಕೊನೆ ಇರಬೇಕು. ನಮ್ಮ ಹಿರೇಬೆಂಡಿಗೇರಿಗೆ ಒಂದೇ ಫೋನು, ಪೋಸ್ಟಾಫೀಸಿನಲ್ಲಿ. ಅದರ ತಂತಿಗೂ ಇದೇ ರಬ್ಬರಿನ ಘಾಟು. ಹಿಡಿ ತಿರುವಿದರೆ ಶಿಗ್ಗಾಂವಿಯಲ್ಲಿ ಆಪರೇಟರ್ ಎತ್ತುತ್ತಿದ್ದಳು, ಊರಿಗೆಲ್ಲ ಅವಳು ಅಕ್ಕ. ಹುಬ್ಬಳ್ಳಿಯವು ಅಂಕಿ ತಿರುವುವ ಫೋನು. ಎರಡಕ್ಕೂ ನೇರ ನಂಟಿಲ್ಲ, ಅಕ್ಕನೇ ಕೈಯಿಂದ ತಂತಿ ಚುಚ್ಚಿ ಕೂಡಿಸಬೇಕು. ಕೂಡಿಸಿದರೂ ಅಲ್ಲಿಯ ದನಿ ನಮ್ಮೂರಿಗೆ ಮುಟ್ಟುತ್ತಿರಲಿಲ್ಲ. ಆಗ ಅವಳೇ ಕೇಳಿಸಿಕೊಂಡು ನಮಗೆ ತಿರುಗಿ ಹೇಳುತ್ತಿದ್ದಳು. ನಾನು ಒದರುವುದಕ್ಕೆ, "ಸಾವಕಾಶ ರೀ ಅಣ್ಣಾರ, ಇಷ್ಟ ಒದರಿದ್ರ ಹುಬ್ಬಳ್ಳಿಗೆ ಫೋನ್ ಯಾಕ ಬೇಕು!" ಎಂದು ನಗುತ್ತಿದ್ದಳು.

ಸಾವಿನ ಸುದ್ದಿಯನ್ನು ಮಾತ್ರ ಇದ್ದಂತೆ ಹೇಳುತ್ತಿರಲಿಲ್ಲ. ನಮ್ಮ ಕಡೆ ಯಾರೂ ಹೇಳುವುದಿಲ್ಲ. "ಭಾಳ ಆರಾಮಿಲ್ಲ, ಲಗೂನ ಬರ್ರಿ" ಎಂದರೆ ಜೀವ ಹೋಗಿದೆ ಎಂದೇ ತಿಳಿಯಬೇಕು. ಕೇಳಿದವರು ಮರುಪ್ರಶ್ನೆ ಹಾಕುವುದಿಲ್ಲ.

ನಮ್ಮವ್ವ ಹುಬ್ಬಳ್ಳಿಯ ದವಾಖಾನೆಯಲ್ಲಿದ್ದಳು, ಜೊತೆಗೆ ತಮ್ಮನಿದ್ದ. ಒಂದು ಮುಂಜಾನೆ ಪೋಸ್ಟಾಫೀಸಿನಿಂದ ಕರೆ ಬಂತು, ಓಡಿದೆ.

"ಅಣ್ಣಾರ, ಅವ್ವಗ ಭಾಳ ಆರಾಮಿಲ್ಲಂತ. ಲಗೂನ ಬರಬೇಕಂತ," ಎಂದಳು ಅಕ್ಕ.

"ಹೂಂ" ಎಂದು ಇಟ್ಟುಬಿಟ್ಟೆ.

ಸತ್ತವರಿಗೆ ಮಣ್ಣು ಕೊಡಲು ಒಬ್ಬರೇ ಹೋಗುವ ಪದ್ಧತಿಯಿಲ್ಲ. ಸವಣೂರಿಗೆ ಆಳು ಕಳಿಸಿ, ತಂಗಿ ಬರುವವರೆಗೆ ಕಾದೆ. ದಾರಿಯಲ್ಲಿ ಶಿಗ್ಗಾಂವಿಯಲ್ಲಿ ಇಳಿದು ಅವ್ವನ ಮೇಲೆ ಹೊದಿಸಲು ಹೊಸ ಸೀರೆ ಕೊಂಡೆ. ದವಾಖಾನೆ ಮುಟ್ಟಿದಾಗ ಹೊತ್ತು ಇಳಿದಿತ್ತು. ತಮ್ಮ ನನ್ನ ಬಗಲಲ್ಲಿದ್ದ ಸೀರೆಯನ್ನೇ ನೋಡಿದ.

"ಈಗ ತಾಸಿನ ಹಿಂದ ಜೀವ ಹೋತೋ ಅಣ್ಣಾ. ಮುಂಜಾನಿಂದ ನಿನ್ನ ಕರದ್ಲು... ನೀ ಸೀರಿ ಹಿಡಕೊಂಡ ಬಂದಿಯೇನು?"

ಮೂರನೆಯ ದಿನ ಅಕ್ಕ ಬಸ್ಸು ಹತ್ತಿ ನಮ್ಮೂರಿಗೆ ಬಂದಳು. ಹೊಸ್ತಿಲ ಹೊರಗೇ ನಿಂತು ಅತ್ತಳು. "ಅವ್ವ ನಿಮ್ಮ ಹೆಸರ ಹಿಡದು ಕರಿಯಾಕತ್ತಾಳ ಅಂತ ನಿಮ್ಮ ತಮ್ಮಾರು ಬಿಡಿಸಿ ಹೇಳಿದ್ರು. ನೀವು ಹೆದರತೀರಂತ ನಾನ ಮೆತ್ತಗ ಮಾಡಿ ಹೇಳಿದೆ. ತಪ್ಪ ನಂದ್ರಿ ಅಣ್ಣಾರ."

ಜೀವ ಐತೇನ್ರಿ ಎಂದು ಅಂದು ಫೋನಿನಲ್ಲಿ ನಾನೂ ಒಂದು ಮಾತು ಕೇಳಬಹುದಿತ್ತು. ಅದು ನನಗೆ ಅವಳೆದುರೇ ಹೊಳೆದಿತ್ತು. ಆದರೂ ತಪ್ಪು ನನ್ನದೂ ಇದೆ ಎನ್ನಲಿಲ್ಲ. ಕುಂದ್ರಿ ಅನ್ನಲಿಲ್ಲ, ಒಂದು ತಂಬಿಗೆ ನೀರು ಕೊಡಿಸಲಿಲ್ಲ. ಬಿಸಿಲಲ್ಲಿ ಬಂದ ಹಾದಿಯನ್ನೇ ಹಿಡಿದು ಅವಳು ತಿರುಗಿ ಹೋದಳು.

ಮುಂದೆ ಅವಳಿಗೆ ಹಿರೇಕೆರೂರಿಗೆ ವರ್ಗವಾಯಿತು. ಫೋನುಗಳನ್ನು ತಾವೇ ಕೂಡಿಸುವ ಯಂತ್ರಗಳು ಬಂದವು. ಒಮ್ಮೆ ಹೋಗಬೇಕು, ಭೆಟ್ಟಿಯಾಗಬೇಕು ಎನ್ನುತ್ತ ಎಷ್ಟು ವರ್ಷ ಕಳೆದೆನೋ... ಅವಳು ತೀರಿಕೊಂಡದ್ದೂ ನನಗೆ ತಡವಾಗಿಯೇ ತಿಳಿಯಿತು.

"ಯಾಕಜ್ಜಾ, ಇಷ್ಟೊತ್ತು ನಗಾಕತ್ತಿದ್ದಿ, ಈಗ ಸುಮ್ನಾದಿ?" ಎಂದಳು ಮೊಮ್ಮಗಳು.

ಅವಳನ್ನು ಹತ್ತಿರ ಕೂಡಿಸಿಕೊಂಡು ಎಲ್ಲ ಹೇಳಿದೆ. ತಪ್ಪು ನನ್ನದೂ ಇತ್ತು ಎಂಬುದನ್ನೂ ಹೇಳಿದೆ. ಆ ಮಾತು ಕೇಳಬೇಕಾದವಳು ಮಾತ್ರ ಈಗ ಇಲ್ಲ.