ಏಳನೇ ವರ್ಗದ ಗೋಪಾಲಪ್ಪ

ಹೊಸಬಾಳೆಯ ಗೋಪಾಲಪ್ಪನ ಸಿಟ್ಟಿಗೆ ಇಡೀ ಊರೇ ದಾರಿ ಬಿಟ್ಟಿತ್ತು. ಸಾರಿಗೆ ಉಪ್ಪು ಕಡಿಮೆಯಾದರೆ ತಟ್ಟೆ ಹಾರುತ್ತಿತ್ತು. ಆಮೇಲೆ ಅವನೇ ಹೇಳುವನು: "ನಾನೆಂತ ಮಾಡ್ಲಿ? ಜ್ಯೇಷ್ಠಾ ನಕ್ಷತ್ರದವ. ಆ ಚುಕ್ಕಿ ನೋಡಿ, ಕೆಂಡದ ಹಂಗಿದೆ." ಜನರೂ ಒಪ್ಪಿದ್ದರು. ಹೆಂಡತಿ ವನಜಮ್ಮ ದನಿಯೇರಿಸಿದ್ದನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಕಳೆದ ಮೇ ತಿಂಗಳ ಒಂದು ರಾತ್ರಿ ಸೊರಬದ ವಿಜ್ಞಾನದ ಟೀಚರ್ ದಿವ್ಯ ಊರಿನ ಶಾಲೆಯ ಬಯಲಿನಲ್ಲಿ ದೂರದರ್ಶಕ ಹೂಡಿದರು. ಗೋಪಾಲಪ್ಪ ಎಲ್ಲರನ್ನೂ ತಳ್ಳಿಕೊಂಡು ಮುಂದೆ ಹೋಗಿ ತನ್ನ ನಕ್ಷತ್ರಕ್ಕೆ ಕಣ್ಣಿಟ್ಟ.

"ಹೆಂಗೆ ಉರೀತಾ ಇದೆ ನೋಡಿ."

"ಅದು ತಣ್ಣಗಿನ ನಕ್ಷತ್ರ ರೀ," ಎಂದರು ದಿವ್ಯ. "ಬಣ್ಣದ ಮೇಲೆ ಬಿಸಿ ಹೇಳ್ಬಹುದು. ನೀಲಿ ಎಲ್ಲಕ್ಕಿಂತ ಬಿಸಿ, ಆಮೇಲೆ ಬಿಳಿ, ಹಳದಿ, ಕಿತ್ತಳೆ. ಕೆಂಪು ಕೊನೇದು. ಬಿಸಿ ನೋಡಿ ಏಳು ವರ್ಗ ಮಾಡಿದಾರೆ, ಅದರಲ್ಲಿ ನಿಮ್ಮದು ಏಳನೇದು."

ಪಕ್ಕದ ಮನೆಯ ಮಾಳೇಶ ಹಿಂದಿನಿಂದ ಕೇಳಿದ: "ವನಜಕ್ಕಂದು ಚಿತ್ತಾ ನಕ್ಷತ್ರ. ಅದು ಎಷ್ಟನೇದು?"

"ನೀಲಿ ಬಿಳುಪು. ಎರಡನೇ ವರ್ಗ. ಇಪ್ಪತ್ತು ಸಾವಿರ ಡಿಗ್ರಿ ದಾಟುತ್ತೆ."

ವನಜಮ್ಮನ ಅಕ್ಕಪಕ್ಕ ನಿಂತಿದ್ದವರು ಮೆಲ್ಲಗೆ ದೂರ ಸರಿದರು. ನಕ್ಷತ್ರದ ಬಿಸಿಗೂ ಮನುಷ್ಯರಿಗೂ ಸಂಬಂಧವಿಲ್ಲವೆಂದು ದಿವ್ಯ ಗಂಟಲು ಒಣಗುವಷ್ಟು ಹೇಳಿದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮರುದಿನ ಹಾಲಿನ ಡೈರಿಯಲ್ಲಿ ಸಾಲು ಎರಡಾಗಿ ಸರಿದು ವನಜಮ್ಮನಿಗೆ ದಾರಿ ಬಿಟ್ಟಿತು. ಅವಳ ಹಿತ್ತಲಿಗೆ ಎಮ್ಮೆ ನುಗ್ಗಿಸುತ್ತಿದ್ದ ಮಾಳೇಶ ಹಲಸಿನಹಣ್ಣು ಹೊತ್ತು ತಂದು ತಪ್ಪೊಪ್ಪಿಕೊಂಡ. ಅತ್ತ ಚಹಾ ಆರಿದೆಯೆಂದು ಗೋಪಾಲಪ್ಪ ಕೂಗಾಡಿದರೆ ಅಂಗಡಿಯವನು, "ಏಳನೇ ವರ್ಗದವರು ನೀವು, ಸುಮ್ನೆ ಕೂತ್ಕೊಳ್ಳಿ," ಎಂದ. ಗೋಪಾಲಪ್ಪನಿಗೆ ಆಗಲೇ ಚಳಿ ಹತ್ತಿತು. ಆ ಸುಡುಬಿಸಿಲಿನಲ್ಲೂ ಸ್ವೆಟರ್ ಹಾಕಿ, ಕಿವಿಗೆ ಮಫ್ಲರ್ ಸುತ್ತಿ ಜಗಲಿ ಹಿಡಿದ.

"ಎಂತ ಆಯ್ತ್ರೀ ನಿಮಗೆ?" ಎಂದಳು ವನಜಮ್ಮ.

"ಒಳಗಿಂದ ತಣ್ಣಗಾಗ್ತಾ ಇದೀನಿ ಕಣೆ."

ಅಷ್ಟರಲ್ಲಿ ಡೈರಿ ಚುನಾವಣೆ ಬಂತು. ಎದುರು ನಿಲ್ಲುವ ಧೈರ್ಯ ಯಾರಿಗೂ ಬರದೆ ವನಜಮ್ಮ ಐದು ವರ್ಷಕ್ಕೆ ಅವಿರೋಧವಾಗಿ ಅಧ್ಯಕ್ಷೆಯಾದಳು. ಮೊದಲ ಸಭೆಯಲ್ಲಿ ಅವಳು ಕೆಮ್ಮಿದ್ದಷ್ಟೇ, ಮೂವರು ಎದ್ದು ನಿಂತು ಹಾಲಿಗೆ ನೀರು ಬೆರೆಸಿದ್ದು ಹೌದೆಂದರು.

ಸುದ್ದಿ ಕೇಳಿ ಗಾಬರಿಯಾದ ದಿವ್ಯ ಜನರಿಗೆ ತಿಳಿಹೇಳಲು ಮತ್ತೆ ಬಂದರು. ವನಜಮ್ಮ ಕಾಫಿ ಕೊಟ್ಟು ಮೆಲ್ಲಗೆ, "ನಂಗೂ ಗೊತ್ತು ಟೀಚರ್. ಐದು ವರ್ಷ ಸುಮ್ನಿರಿ," ಎಂದಳು.

ಹೊರಡುವಾಗ ಜಗಲಿಯಲ್ಲಿ ಗೋಪಾಲಪ್ಪ ಅವರನ್ನು ತಡೆದ. "ಏಳರ ಕೆಳಗೆ ಎಂತದೂ ಇಲ್ವಾ?"

"ಇದಾವೆ. ಇನ್ನೂ ತಣ್ಣಗಿನವು ಸಿಕ್ಕಿ, ಈಚೆಗೆ ಹೊಸ ವರ್ಗ ಸೇರಿಸಿದಾರೆ."

ಗೋಪಾಲಪ್ಪನ ಮುಖ ಅರಳಿತು. ಮಫ್ಲರ್ ಬಿಚ್ಚಿ ಹೆಗಲಿಗೆ ಹಾಕಿಕೊಂಡು, "ಆ ವರ್ಗದವರು ಯಾವ ಊರಿನವರು?" ಎಂದು ವಿಚಾರಿಸಿದ.